ಪಾಚಿ ನೋಡಲು ತಂದ ಸ್ಟೂಡೆಂಟ್ ಮೈಕ್ರೋಸ್ಕೋಪ್: ಎಂಟು ತಿಂಗಳು ಬಳಸಿದ ಮೇಲೆ

ಇದನ್ನು ಕೊಂಡಿದ್ದಕ್ಕೆ ಕಾರಣ ಲಿಂಡಾ ಗ್ರಹಾಂ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ದಶಕಗಟ್ಟಲೆ ಪಾಚಿಯ ಹಿಂದೆ ಬಿದ್ದ ಸಸ್ಯವಿಜ್ಞಾನಿ. ಸುಮಾರು 47 ಕೋಟಿ ವರ್ಷದ ಹಿಂದೆಯೇ ನೆಲದ ಮೇಲೆ ಗಿಡಗಳಿದ್ದವು ಅನ್ನುತ್ತಾರಲ್ಲ, ಅವು ನೀರಿನ ಹಸಿರು ಪಾಚಿಯಿಂದ ಹೇಗೆ ಬಂದವು ಅನ್ನೋದೇ ಅವರ ಪ್ರಶ್ನೆ. ಅವರ ಕೆಲಸದ ಬಗ್ಗೆ ಓದುತ್ತಾ ಓದುತ್ತಾ, ಇವರು ಇಷ್ಟೊಂದು ಮಾತಾಡೋ ಆ ಪಾಚಿಗಳನ್ನು ಒಮ್ಮೆ ಕಣ್ಣಾರೆ ನೋಡಿಬಿಡೋಣ ಅನ್ನಿಸಿತು.

ತಂದಿದ್ದು ಒಂದೇ ಕಣ್ಣಲ್ಲಿ ನೋಡುವಂಥದ್ದು. ಕೆಳಗಡೆ ಎಲ್‌ಇಡಿ, ಮೇಲೆ 4, 10, 40, 100 ಪಟ್ಟು ದೊಡ್ಡದು ಮಾಡುವ ಲೆನ್ಸ್. ಇದೇ ಅಚ್ಚಿನದ್ದು ಹತ್ತಾರು ಹೆಸರಲ್ಲಿ ಸಿಗುತ್ತದೆ. ಪೆಟ್ಟಿಗೆ ಮೇಲೆ 1600 ಪಟ್ಟು ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಇದಕ್ಕೆ ಮರುಳಾಗಬೇಡಿ. 100ರ ಲೆನ್ಸಿನ ಪಕ್ಕ 1.25 ಅಂತ ಇನ್ನೊಂದು ಅಂಕಿ ಕೆತ್ತಿರುತ್ತದೆ, ಅದನ್ನು 1000ದಿಂದ ಗುಣಿಸಿದರೆ ಎಷ್ಟು ಬರುತ್ತದೋ ಹೆಚ್ಚುಕಮ್ಮಿ ಅಷ್ಟೇ ಉಪಯೋಗಕ್ಕೆ ಬರೋದು. ಅದರಾಚೆ ಚಿತ್ರ ಊದಿಕೊಳ್ಳುತ್ತದೆ, ಹೊಸದೇನೂ ಕಾಣಲ್ಲ. ಜೊತೆಗೆ ಕೊಟ್ಟ 16ರ ಐಪೀಸ್, ಅಂದರೆ ಕಣ್ಣಿಡುವ ಕಡೆಯ ಲೆನ್ಸ್, ಇನ್ನೂ ಡಬ್ಬಿಯಲ್ಲೇ ಇದೆ. 100ರ ಲೆನ್ಸಿಗೆ ಎಣ್ಣೆ ಬೇರೆ ಹಾಕಬೇಕು. ಎರಡು ಸಲ ಹಾಕಿ ಒರೆಸಿ ಸಾಕಾಯಿತು.

ನಿಜವಾದ ಕೆಲಸಗಾರ 10 ಮತ್ತು 40ರ ಲೆನ್ಸ್. ಸ್ಪೈರೋಗೈರಾ ಅನ್ನೋ ಹಸಿರು ಪಾಚಿ ಹಾಕಿ ನೋಡಿ. ಬೆರಳಲ್ಲಿ ಹಿಡಿದರೆ ಲೋಳೆ ಲೋಳೆ, ಜಾರುವ ಹಸಿರು ಕೂದಲು. 40ರ ಕೆಳಗೆ ಅದೇ ಒಂದು ಗಾಜಿನ ಕೊಳವೆ, ಒಳಗೆ ಹಸಿರು ರಿಬ್ಬನ್ ಸುತ್ತಿಕೊಂಡಿದೆ, ರಿಬ್ಬನ್ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಚುಕ್ಕಿಗಳು. ನ್ಯೂಕ್ಲಿಯಸ್ ನಡುಮಧ್ಯ ಎಳೆಗಳಲ್ಲಿ ಜೋತು ಬಿದ್ದಿರುತ್ತದೆ. ಮೊದಲ ದಿನ ಊಟ ಮರೆತು ಕೂತಿದ್ದೆ.

ಗ್ರಹಾಂ ಅವರ ಮುಖ್ಯ ಪಾಚಿ ಕೋಲಿಯೋಕೀಟ್ ಅಷ್ಟು ಸುಲಭವಾಗಿ ಸಿಗಲಿಲ್ಲ. ಸ್ಲೈಡನ್ನು ದಾರಕ್ಕೆ ಕಟ್ಟಿ ಹೊಂಡದ ನೀರಲ್ಲಿ ಮೂರು ವಾರ ಇಳಿಬಿಟ್ಟೆ. ಎರಡು ಸಲ ಬರೀ ಕೆಸರು. ಮೂರನೇ ಸಲ ಸ್ಲೈಡಿನ ಹಿಂಬದಿ ಒರೆಸಿ ಇಟ್ಟರೆ, ಪುಟಾಣಿ ಹಸಿರು ಬಿಲ್ಲೆಗಳು! ಒಂದೇ ಕೋಶದಷ್ಟು ದಪ್ಪ, ಅಂಚಿನಲ್ಲಿ ಬೆಳೆಯುತ್ತಾ ಹೋಗುವ ಬಿಲ್ಲೆ. ಇದು ತನ್ನ ಜೈಗೋಟನ್ನು, ಅಂದರೆ ಗಂಡು ಹೆಣ್ಣು ಕೋಶ ಕೂಡಿ ಆದ ಕೋಶವನ್ನು, ನೀರಿಗೆ ಬಿಡದೆ ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಅದರ ಪಕ್ಕದ ಕೋಶಗಳ ಗೋಡೆ ಒಳಕ್ಕೆ ಮಡಚಿಕೊಂಡಿರೋದನ್ನು 1983ರಲ್ಲಿ ಗ್ರಹಾಂ ಮತ್ತು ಅವರ ಸಹೋದ್ಯೋಗಿ ತೋರಿಸಿದರು. ನೆಲದ ಗಿಡಗಳಲ್ಲಿ ತಾಯಿ ಭ್ರೂಣಕ್ಕೆ ಆಹಾರ ದಾಟಿಸುವ ಕಡೆ ಇರೋದು ಅಂಥದೇ ಗೋಡೆ. ಆದರೆ ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು, ಈ ಆಟಿಕೆಯಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಇನ್ನೊಂದು ತಮಾಷೆ ಇದೆ. 2014ರ ದೊಡ್ಡ ಜೀನ್ ಹೋಲಿಕೆಯಲ್ಲಿ ನೆಲದ ಗಿಡಗಳಿಗೆ ಅತಿ ಹತ್ತಿರದ ನೆಂಟ ಅಂತ ಬಂದಿದ್ದು ಸ್ಪೈರೋಗೈರಾ ಇರುವ ಗುಂಪು. ಅಂದರೆ ಮೊದಲ ದಿನವೇ ನೋಡಿ ಮುಗಿಸಿದ್ದ ಲೋಳೆ ಕೂದಲು!

ಈಗ ದೂರುಗಳು. ಸ್ಲೈಡ್ ಸರಿಸಲು ತಿರುಪು ಇಲ್ಲ, ಎರಡು ಕ್ಲಿಪ್ ಅಷ್ಟೇ, ಬೆರಳಲ್ಲೇ ತಳ್ಳಬೇಕು. ಹುಡುಕಿದ ಬಿಲ್ಲೆ ಒಂದು ಸೀನಿಗೆ ಮಾಯ. ಎಲ್‌ಇಡಿ ಬೆಳಕು ತುಂಬಾ ನೀಲಿ, ಹಸಿರು ಸರಿಯಾಗಿ ಕಾಣಲ್ಲ, ಮೇಲೆ ತೆಳು ಹಳದಿ ಜಿಲೆಟಿನ್ ಹಾಳೆ ಇಟ್ಟೆ. ದೊಡ್ಡ ಫೋಕಸ್ ಗುಂಡಿ ತಾನಾಗಿ ಕೆಳಗೆ ಜಾರುತ್ತಿತ್ತು. ಮಾರಿದವರಿಗೆ ಮೂರು ಮೇಲ್ ಹಾಕಿದೆ, ಬಂದಿದ್ದು "ನಿಮ್ಮ ದೂರು ದಾಖಲಾಗಿದೆ" ಅಷ್ಟೇ. ಕೊನೆಗೆ ಗುಂಡಿಯ ಒಳಗಿನ ಬಳೆಯನ್ನು ನಾನೇ ಬಿಗಿ ಮಾಡಿದೆ, ಸರಿಯಾಯಿತು. ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು, ಕವರ್ ಸ್ಲಿಪ್, ಒಡೆದಿದ್ದು ಮಾತ್ರ ನನ್ನದೇ ತಪ್ಪು, ದಪ್ಪ ಎಲೆ ಇಟ್ಟು 40ರ ಲೆನ್ಸ್ ಇಳಿಸಿದ್ದೆ.

ಹೊಗಳಲೇಬೇಕಾದದ್ದು ಕೆಳಗಿನ ಐರಿಸ್, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಭಾಗ. ಅದನ್ನು ಅರ್ಧ ಮುಚ್ಚಿದರೆ ಮಾತ್ರ ಕೋಲಿಯೋಕೀಟ್‌ನ ಪಾರದರ್ಶಕ ಕೂದಲು ಕಾಣುತ್ತವೆ. ಐರಿಸ್ ಬದಲು ತೂತು ತೂತಿನ ಚಕ್ರ ಇರುವ ಮಾಡೆಲ್ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಬೇಡ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಅಂದರೆ, ಮೊನ್ನೆ ಗೋಡೆ ಹಾವಸೆಯ (ಮಾಸ್) ತುದಿಯಲ್ಲಿ ಬೀಜಕ ತುಂಬಿಕೊಂಡಿರುವ ಪುಟಾಣಿ ಡಬ್ಬಿ ಇರುತ್ತದಲ್ಲ, ಒಣಗಿದ ಅಂಥದ್ದೊಂದನ್ನು ಮುಚ್ಚಳ ತೆಗೆದು, ನೀರು ಹಾಕದೆ, ಕೆಳಗಿನ ದೀಪ ಆರಿಸಿ, ಮೊಬೈಲ್ ಟಾರ್ಚ್ ಮೇಲಿಂದ ಬಿಟ್ಟು 4ರ ಲೆನ್ಸಲ್ಲಿ ನೋಡಿದೆ. ಬಾಯಿಯ ಸುತ್ತ ಕೆಂಚು ಹಲ್ಲುಗಳ ಸಾಲು. ಸುಮ್ನೆ ಒಂದು ಸಲ ಉಸಿರು ಬಿಟ್ಟೆ. ಹಲ್ಲುಗಳೆಲ್ಲಾ ಮಿಸುಕಿದವು.