ಸೈಟಿನ ಕಾಗದ ಯಾರಿಗೆ ತೋರಿಸೋದು? ಪತ್ರ ಬರಹಗಾರರು, ಬ್ಯಾಂಕಿನ ವಕೀಲರು, ನಮ್ಮದೇ ವಕೀಲರು

ತುಮಕೂರಿನ ಹೊರಗೆ 30×40ರ ಸೈಟೊಂದನ್ನು ನೋಡಿದಾಗ ಒಂದೇ ಕಡತವನ್ನು ಮೂರು ಕಡೆ ತೋರಿಸಿದೆ.

ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಪತ್ರ ಬರಹಗಾರರದ್ದು ಚುರುಕು ಕಣ್ಣು. ಚೆಕ್ಕುಬಂದಿಯಲ್ಲಿ ಪೂರ್ವಕ್ಕಿದ್ದ ಸೈಟಿನ ನಂಬರು ತಪ್ಪಿದ್ದನ್ನು ನಿಂತ ನಿಲುವಿನಲ್ಲೇ ಹಿಡಿದರು. ಮುದ್ರಾಂಕ ಶುಲ್ಕ ಎಷ್ಟು, ಸಾಕ್ಷಿಗಳು ಏನು ತರಬೇಕು, ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಏನೇನು ತುಂಬಬೇಕು, ಎಲ್ಲ ಬಾಯಿಪಾಠ. ಮಾರುವವರಿಗೆ ಆ ಹಕ್ಕು ಎಲ್ಲಿಂದ ಬಂತು ಅನ್ನುವುದು ಮಾತ್ರ ಅವರ ಕೆಲಸವಲ್ಲ. ತಮ್ಮ ಕೆಲಸ ಅಂತ ಅವರೂ ಹೇಳಿಕೊಳ್ಳಲಿಲ್ಲ.

ಬ್ಯಾಂಕಿನ ಪ್ಯಾನೆಲ್ ವಕೀಲರ ಫೀಸು ಕಟ್ಟಿದ್ದು ನಾನು, ವರದಿ ಹೋದದ್ದು ಬ್ಯಾಂಕಿಗೆ. 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ), ಭೂಪರಿವರ್ತನೆ ಆದೇಶ, ಖಾತೆ, ಕಂದಾಯದ ರಸೀದಿ ಎಲ್ಲ ತಾಳೆಯಾಯಿತು; ಸಾಲಕ್ಕೆ ಅಡ್ಡಿಯಿಲ್ಲ ಎಂದರು. ‘ಬ್ಯಾಂಕಿನವರೇ ಒಪ್ಪಿದ ಮೇಲೆ ಇನ್ನೇನು’ ಅಂತ ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಸೈಟು ಕೈತಪ್ಪಿದರೂ ಬ್ಯಾಂಕಿಗೆ ನನ್ನ ಸಂಬಳದ ಆಧಾರ ಇದೆ, ನನಗೇನಿದೆ?

ಮೂರನೆಯವರು ಸಿವಿಲ್ ವಕೀಲರು. ಜಮೀನಿನ ವ್ಯಾಜ್ಯಗಳಲ್ಲೇ ತಲೆ ನರೆತವರು, ಫೀಸು ಮೊದಲಿಬ್ಬರದ್ದು ಸೇರಿಸಿದರೂ ಹೆಚ್ಚು. ಇ.ಸಿ.ಯನ್ನು ಪಕ್ಕಕ್ಕಿಟ್ಟು ಸರ್ವೆ ನಂಬರಿನ ಮೇಲೆ ಬೆರಳಿಟ್ಟರು. ‘ಊರಿನ ನಂಬರುಗಳ ಸಾಲಿನಲ್ಲಿ ಇದು ತೀರಾ ಕೊನೆಯದು ನೋಡಿ. ಹಳೇ ನಂಬರಿನಿಂದ ಪೋಡಿಯಾಗಿ, ಅಂದರೆ ಒಡೆದು ಬೇರೆ ನಂಬರಾಗಿ, ಬಂದಿರಬೇಕು. ಹಳೇ ಕೈಬರಹದ ಪಹಣಿ, ಎಂ.ಆರ್. (ಹಕ್ಕು ಬದಲಾವಣೆಯ ರಿಜಿಸ್ಟರ್) ಪ್ರತಿ ತನ್ನಿ.’ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅಲೆದಾಡಿ ತಂದೆ. ಎಂ.ಆರ್.ನಲ್ಲಿ ‘ದರಖಾಸ್ತು’ ಎಂದಿತ್ತು. ಅಂದರೆ ಮೂಲದಲ್ಲಿ ಸರ್ಕಾರ ಮಂಜೂರು ಮಾಡಿದ ಜಮೀನು. ನೋಂದಣಿಯಾದ ವ್ಯವಹಾರಗಳಷ್ಟೇ ಇ.ಸಿ.ಯಲ್ಲಿ ಬರುವುದು, ಮಂಜೂರಾತಿ ಆದೇಶ ಅಲ್ಲಿ ಕಾಣುವುದಿಲ್ಲ. ಮೇಲಾಗಿ ಇದು ಆ 30 ವರ್ಷಕ್ಕಿಂತ ಹಿಂದಿನದು.

‘ಸಾಗುವಳಿ ಚೀಟಿ, ಅಂದರೆ ಮಂಜೂರಾತಿಗೆ ಕೊಟ್ಟ ಪತ್ರ, ತರಿಸಿ. ಯಾರಿಗೆ ಮಂಜೂರಾಯಿತು, ಪರಭಾರೆಗೆ (ಬೇರೆಯವರಿಗೆ ಮಾರಲು, ಕೊಡಲು) ಏನು ಷರತ್ತು ಅಂತ ನೋಡಬೇಕು’ ಎಂದರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬರುತ್ತದೆ. ಷರತ್ತು ಮುರಿದು ಮಾರಿದ್ದರೆ, ಇಲ್ಲವೇ ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ, ಆ ಕ್ರಯಕ್ಕೆ ಬೆಲೆಯಿಲ್ಲ. ಎಷ್ಟು ಕೈ ಬದಲಾಗಿದ್ದರೂ ಮೂಲ ಮಂಜೂರುದಾರರ ಮನೆಯವರು ಜಮೀನು ವಾಪಸ್ ಕೇಳಬಹುದು. ಅದಕ್ಕೆ ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಭೂಮಿ ಕಳೆದುಕೊಂಡ ಬಡವರನ್ನು ಕಾಯುವ ಕಾಯ್ದೆ ಅದು, ಇರಬೇಕಾದದ್ದೇ. ಆದರೆ ತಿಳಿಯದೆ ಕೊಂಡವರಿಗೂ ಅದು ಅನ್ವಯಿಸುತ್ತದೆ.

ಮಾರುವವರು ‘ಆ ಚೀಟಿಯೆಲ್ಲ ಈಗ ಎಲ್ಲಿ ಸಿಗುತ್ತೆ ಸಾರ್’ ಅಂದರು. ನಾನು ಅಡ್ವಾನ್ಸ್ ಕೊಡಲಿಲ್ಲ.

ಮನೆಯೊಳಗಿನ ದಾನಪತ್ರ, ಹಕ್ಕು ಖುಲಾಸೆಯಂಥದ್ದಕ್ಕೆ ಈಗಲೂ ನಾನು ಹೋಗುವುದು ಪತ್ರ ಬರಹಗಾರರ ಹತ್ತಿರವೇ. ಹೊರಗಿನವರಿಂದ ಜಮೀನು, ಸೈಟು ಕೊಳ್ಳುವುದಾದರೆ ಅಡ್ವಾನ್ಸಿಗೆ ಮುಂಚೆ ವಕೀಲರು, ಆಮೇಲೆ ಬ್ಯಾಂಕು. ಕ್ರಯಪತ್ರ ಬರೆಯಲು ಮತ್ತೆ ಅದೇ ಪತ್ರ ಬರಹಗಾರರು. ಕರಡನ್ನು ವಕೀಲರು ಒಮ್ಮೆ ನೋಡಿ ಕೊಟ್ಟರಾಯಿತು.