ಹಳೆಯ ಅಮೃತಶಿಲೆಯ ವೀನಸ್ ಎಂದು ನನಗೆ ಮಾರಿದ್ದು ಕಲ್ಲಿನ ಪುಡಿಯ ಎರಕ. ಇಟಲಿಯಲ್ಲಿರುವವರು ದಯವಿಟ್ಟು ಓದಿ

ಮಿಲಾನಿನಲ್ಲಿ ಕೆಲಸ ಮಾಡುವ ನಾನು ಕಳೆದ ತಿಂಗಳು ಫ್ಲಾರೆನ್ಸಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ 1,800 ಯೂರೊ ತೆತ್ತು ಮೋಸಹೋದೆ. ಬರೆಯಲು ನಾಚಿಕೆಯಾಗುತ್ತದೆ; ಬರೆಯದಿದ್ದರೆ ಇನ್ನೊಬ್ಬರು ಅದೇ ಮೆಟ್ಟಿಲು ಹತ್ತುತ್ತಾರೆ.

ನೆಪೋಲಿಯನ್ನನ ತಂಗಿ ಪಾವೊಲಿನಾಳನ್ನು ವೀನಸ್ ದೇವತೆಯಾಗಿ ತೋರಿಸಿ ಅಂತೋನಿಯೊ ಕನೋವಾ 1805ರಿಂದ 1808ರ ನಡುವೆ ಕೆತ್ತಿದ ಶಿಲ್ಪವನ್ನು ರೋಮಿನ ಬೋರ್ಗೀಸ್ ಗ್ಯಾಲರಿಯಲ್ಲಿ ಕಂಡವರಿಗೆ ನನ್ನ ಆಸೆ ಅರ್ಥವಾದೀತು. ಎಡಗೈಯಲ್ಲಿ ಸೇಬು ಹಿಡಿದು ಆಕೆ ಒರಗಿರುವ ಹಾಸಿಗೆ ಕಲ್ಲಿನದೆಂಬುದೇ ಮರೆತುಹೋಗುತ್ತದೆ. ಅಂಗಡಿಯವರು ತೋರಿಸಿದ್ದು ಅದರ ಮೊಳದುದ್ದದ ಪ್ರತಿ. “ಕರಾರಾ ಗಣಿಯ ಅಮೃತಶಿಲೆ, ನೂರೈವತ್ತು ವರ್ಷ ಹಳೆಯದು, ಲುಕ್ಕಾದ ದೊಡ್ಡ ಮನೆತನದ್ದು” ಎಂದು ಬಾಯಿಮಾತಿನಲ್ಲಿ ಹೇಳಿದರು. ರಸೀದಿಯಲ್ಲಿ ಬರೆದದ್ದು ‘ಮಾರ್ಮೊ, ದಾ ಕನೋವಾ’ ಎಂಬ ಮೂರೇ ಪದ; ಮಾರ್ಮೊ ಎಂದರೆ ಅಮೃತಶಿಲೆ. ಊರಿಗೆ ಒಯ್ಯಲು ಕಾಗದಪತ್ರ ಬೇಕೇ ಎಂದು ಕೇಳಿದಾಗ “ಏನೂ ಬೇಡ” ಎಂದರು. 70 ವರ್ಷಕ್ಕಿಂತ ಹಳೆಯ ಕಲಾಕೃತಿ ಇಟಲಿಯ ಗಡಿ ದಾಟುವ ಮೊದಲು ರಫ್ತು ಕಚೇರಿಗೆ ಕಾಗದ ಸಲ್ಲಿಸಬೇಕೆಂದು ತಿಳಿದಿದ್ದೂ ನಾನು ಆಗ ಎಚ್ಚೆತ್ತುಕೊಳ್ಳಲಿಲ್ಲ.

ಮನೆಯಲ್ಲಿ ಒರೆಸಲು ಕುಳಿತಾಗ, ಮಡಿಕೆಗಳಲ್ಲಿ ಶತಮಾನದಿಂದ ಕುಳಿತಿದೆಯೆಂದು ನಂಬಿದ್ದ ಕೊಳೆ ಒದ್ದೆ ಹತ್ತಿಗೆ ಚಹಾದ ಬಣ್ಣದಂತೆ ಬಿಟ್ಟುಬಂತು. ಎದೆ ಧಸಕ್ಕೆಂದಿತು. ತಿರುಗಿಸಿ ಅಡಿಗೆ ಅಂಟಿಸಿದ್ದ ಹಸಿರು ಬಟ್ಟೆಯನ್ನು ಕಿತ್ತೆ: ಒಂದಾದರೂ ಉಳಿಯ ಗುರುತಿಲ್ಲ, ಎಲ್ಲೆಡೆ ಸೂಜಿಮೊನೆಯಷ್ಟು ಗಾಳಿಗುಳ್ಳೆಗಳು, ದಿಂಬಿನ ಹಿಂಬದಿಯಿಂದ ಪಾದದವರೆಗೆ ಅಚ್ಚಿನ ಎರಡು ಹೋಳು ಕೂಡಿದ ಗೆರೆ. ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಎರೆದದ್ದು! ಅದಕ್ಕೆ 1,800 ಯೂರೊ!

ಫೋನ್ ಮಾಡಿದರೆ “ಅಮೃತಶಿಲೆಯ ಪುಡಿಯೂ ಅಮೃತಶಿಲೆಯೇ ಅಲ್ಲವೇ?” ಎಂದರು. ಮರುದಿನ, “‘ದಾ ಕನೋವಾ’ ಎಂದರೆ ಕನೋವಾನ ಕೃತಿಯನ್ನು ಅನುಸರಿಸಿದ್ದು, ಅದರಲ್ಲಿ ಸುಳ್ಳೇನಿದೆ?” ಮೂರನೆಯ ಸಲ, “ನೂರೈವತ್ತು ವರ್ಷವೆಂದು ನಾನು ಎಲ್ಲಿ ಬರೆದುಕೊಟ್ಟಿದ್ದೇನೆ, ತೋರಿಸಿ.” ಈ ಮಾತು ಈಗಲೂ ಕಿವಿಯಲ್ಲಿದೆ, ಏಕೆಂದರೆ ಅವರು ಬರೆದುಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಆಮೇಲೆ ಫೋನ್ ಎತ್ತಲೇ ಇಲ್ಲ.

2004ರ ಇಟಲಿಯ ಸಾಂಸ್ಕೃತಿಕ ಆಸ್ತಿ ಸಂಹಿತೆಯ 64ನೆಯ ವಿಧಿಯಂತೆ, ಇಂಥ ವಸ್ತುಗಳ ವ್ಯಾಪಾರಿಯು ಕೃತಿಯ ಅಸಲಿತನ, ಇಲ್ಲವೇ ಅದು ಯಾರದಿರಬಹುದು, ಎಲ್ಲಿಂದ ಬಂದಿರಬಹುದು ಎಂಬುದನ್ನು ಬರೆದು ಸಹಿಹಾಕಿ ಕೊಡಬೇಕು. ಅದು ಕೈಸೇರುವವರೆಗೆ ಹಣ ಕೊಡಬೇಡಿ, ಅಡಿಯ ಬಟ್ಟೆ ಬಿಚ್ಚಿ ತೋರಿಸಲು ಒಪ್ಪದವರಲ್ಲಿ ಕೊಳ್ಳಲೇಬೇಡಿ. ನಾನು ಆ ಪತ್ರವನ್ನು ಕೇಳಿ ನೋಂದಾಯಿತ ಅಂಚೆಯಲ್ಲಿ ಬರೆದು ಮೂರು ವಾರವಾಯಿತು, ಉತ್ತರ ಬಂದಿಲ್ಲ.