ಮೊದಲ ವೆಬ್‌ಸೈಟಿಗೆ ಗಿಟ್‌ಹಬ್ ಪೇಜಸ್: ಕೆಲವು ವರ್ಷ ಬಳಸಿದ ಮೇಲೆ

ಮೊದಲ ಸಲ ವೆಬ್‌ಸೈಟ್ ಮಾಡಲು ಹೊರಟವರು ಯಾವುದನ್ನು ಬಳಸಲಿ ಅಂತ ಕೇಳಿದರೆ ನಾನು ಗಿಟ್‌ಹಬ್ ಪೇಜಸ್ ಹೆಸರು ಹೇಳುತ್ತೇನೆ. ಫೈಲುಗಳನ್ನು ಇಟ್ಟು ತಿದ್ದುವ ಗಿಟ್‌ಹಬ್ ಅನ್ನುವ ತಾಣ, ಅಲ್ಲಿಟ್ಟ ಫೈಲುಗಳನ್ನೇ ವೆಬ್‌ಸೈಟಾಗಿ ತೋರಿಸುವ ಸೇವೆ ಇದು. ದುಡ್ಡು ಕೊಡಬೇಕಿಲ್ಲ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಇದರಲ್ಲಿ ತಿದ್ದುವುದಕ್ಕೆ ಹೆದರಬೇಕಿಲ್ಲ. ಮೊದಲ ಸೈಟಿನಲ್ಲಿ ಕಟ್ಟುವ ಕೆಲಸ ಕಡಿಮೆ, ತಿದ್ದುವ ಕೆಲಸ ಜಾಸ್ತಿ. ನಾಲ್ಕು ಜನಕ್ಕೆ ತೋರಿಸಬೇಕು, ಅವರು ಎಲ್ಲಿ ತಡವರಿಸುತ್ತಾರೆ ನೋಡಬೇಕು, ಸರಿಮಾಡಿ ಮತ್ತೆ ತೋರಿಸಬೇಕು. ಈ ಓಡಾಟ ಎಷ್ಟು ಸಲೀಸಾಗಿ ಆಗುತ್ತದೆ ಅನ್ನುವುದರ ಮೇಲೇ ನಾನು ಈ ಸೇವೆಯನ್ನು ಅಳೆದಿದ್ದೇನೆ.

ನನ್ನ ಸೈಟ್ ಸಣ್ಣದು. ನಮ್ಮ ಮನೆಯ ಮಲೆನಾಡು ಅಡಿಗೆಗಳು, ಅದರಲ್ಲೂ ತಂಬುಳಿಗಳು. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ದಾಸವಾಳದ ಚಿಗುರು, ಹೀಗೆ ಒಂದೊಂದು ಸೊಪ್ಪಿಗೆ ಒಂದೊಂದು ಪುಟ. ಪ್ರತಿ ಪುಟದಲ್ಲೂ ಒಂದೆರಡು ಫೋಟೊ, ಬೇಕಾಗುವ ಸಾಮಾನು, ಮಾಡುವ ವಿಧಾನ, ಜೊತೆಗೆ ಆ ಸೊಪ್ಪಿನ ಬಗ್ಗೆ ಅಮ್ಮ ಹೇಳಿದ ನಾಲ್ಕು ಮಾತು. ಲಾಗಿನ್ ಇಲ್ಲ, ಅಂಗಡಿ ಇಲ್ಲ. ಇಂಥ ಸೈಟಿಗೆ ಈ ಸೇವೆ ಬಹಳ ಚೆನ್ನಾಗಿ ಹೊಂದುತ್ತದೆ.

ಕೆಲಸ ಮಾಡುವ ರೀತಿ ಸರಳ. ಪುಟದಲ್ಲಿ ಏನಿರಬೇಕು, ಅದು ಹೇಗೆ ಕಾಣಬೇಕು ಅಂತ ನೀವು ಬರೆದ ಎಚ್‌ಟಿಎಂಎಲ್, ಸಿಎಸ್‌ಎಸ್ ಫೈಲುಗಳನ್ನೂ ಚಿತ್ರಗಳನ್ನೂ ಒಂದು ರೆಪೊಸಿಟರಿಗೆ, ಅಂದರೆ ಗಿಟ್‌ಹಬ್‌ನಲ್ಲಿರುವ ನಿಮ್ಮ ಫೋಲ್ಡರಿಗೆ, ಹಾಕುತ್ತೀರಿ. ಅದನ್ನೇ ಅದು ಸೈಟ್ ಆಗಿ ತೋರಿಸುತ್ತದೆ. 2008ರಿಂದ ನಡೆಯುತ್ತಿರುವ ಸೇವೆ ಇದು. 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ಬನ್ನು ಕೊಂಡುಕೊಂಡ ಮೇಲೂ ಪೇಜಸ್ ಉಚಿತವಾಗಿಯೇ ಉಳಿದಿದೆ. ರೆಪೊಸಿಟರಿಗೆ ನಿಮ್ಮ ಬಳಕೆದಾರ ಹೆಸರು, ಅದರ ಮುಂದೆ ಡಾಟ್ ಗಿಟ್‌ಹಬ್ ಡಾಟ್ ಐಒ ಅಂತ ಹೆಸರಿಟ್ಟರೆ ಅದೇ ನಿಮ್ಮ ವಿಳಾಸ. ಫೈಲ್ ತೆರೆದು ಪೆನ್ಸಿಲ್ ಗುರುತು ಒತ್ತಿದರೆ ಬ್ರೌಸರಿನಲ್ಲೇ ತಿದ್ದಬಹುದು. ಬಸ್ಸಿನಲ್ಲಿ ಕೂತು ಫೋನಿನಿಂದಲೇ ಕಾಗುಣಿತ ಸರಿಮಾಡಿದ್ದೂ ಉಂಟು.

ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಅದು ಒಂದು ಕಮಿಟ್ ಆಗಿ ದಾಖಲಾಗುತ್ತದೆ. ಯಾವ ದಿನ ಯಾವ ಸಾಲು ಬದಲಾಯಿತು, ಮೊದಲು ಏನಿತ್ತು, ಎಲ್ಲವೂ ಕೆಂಪು ಹಸಿರು ಬಣ್ಣದಲ್ಲಿ ಕಾಣುತ್ತದೆ. ಕಂಪ್ಯೂಟರಿಗೆ ಗಿಟ್‌ಹಬ್ ಡೆಸ್ಕ್‌ಟಾಪ್ ಅನ್ನುವ ತಂತ್ರಾಂಶ ಹಾಕಿಕೊಂಡರೆ ಬೇಡವಾದ ಕಮಿಟ್ಟನ್ನು ರಿವರ್ಟ್ ಮಾಡಿ ಹಿಂದಿನ ಸ್ಥಿತಿಗೆ ಮರಳಬಹುದು. ಹೊಸಬರಿಗೆ ಇದರ ಬೆಲೆ ಎಷ್ಟು ಅಂತ ಬಳಸಿದ ಮೇಲೇ ತಿಳಿಯುವುದು. ಯಾರೋ ಮೆನು ಮೇಲಿರಲಿ ಅಂದರೆ ಮೇಲಿಟ್ಟು ನೋಡಬಹುದು. ಚೆನ್ನಾಗಿ ಕಾಣದಿದ್ದರೆ ಹಳೆಯದು ಅಲ್ಲೇ ಇದೆ.

ಇನ್ನು ಅಭಿಪ್ರಾಯ ಕೇಳುವ ವಿಷಯ. ಮನೆಯವರ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ "ಹೇಗಿದೆ?" ಅಂತ ಕೇಳಿದರೆ ಏನು ಬರುತ್ತದೆ? "ಸೂಪರ್", "ತುಂಬಾ ಚೆನ್ನಾಗಿದೆ", ಹೆಬ್ಬೆಟ್ಟಿನ ಚಿತ್ರ. ಎಲ್ಲ ಪ್ರೀತಿಯಿಂದ ಬಂದದ್ದೇ. ಆದರೆ ಅದರಿಂದ ಒಂದು ಸಾಲೂ ತಿದ್ದಲು ಆಗುವುದಿಲ್ಲ. ಅದರ ಬದಲು ಒಂದು ಕೆಲಸ ಕೊಡಬೇಕು. "ಒಂದೆಲಗದ ತಂಬುಳಿಗೆ ಎಷ್ಟು ಕಾಯಿತುರಿ ಬೇಕು, ಹುಡುಕಿ ಹೇಳಿ" ಅನ್ನಬೇಕು. ಆಮೇಲೆ ಪಕ್ಕದಲ್ಲಿ ಸುಮ್ನೆ ಕೂತು ಅವರ ಬೆರಳನ್ನು ನೋಡಬೇಕು. ಮಧ್ಯೆ ಬಾಯಿ ಹಾಕಬಾರದು, "ಅಲ್ಲಿ ಒತ್ತಿ" ಅನ್ನಬಾರದು. ವೆಬ್‌ಸೈಟುಗಳ ಬಳಕೆಯನ್ನು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ ಒಂದು ಸುತ್ತಿನ ಪರೀಕ್ಷೆಗೆ ಐದು ಜನ ಸಾಕು ಅಂತ 2000ದಲ್ಲೇ ಬರೆದಿದ್ದರು. ಆ ಐದು ಜನ ಮನೆಯಲ್ಲೇ ಸಿಗುತ್ತಾರೆ.

ಹೀಗೆ ನೋಡಿದಾಗ ತಿಳಿದದ್ದು ಬಹಳ. ಮೂರು ಗೆರೆಯ ಮೆನು ಗುರುತನ್ನು ನಮ್ಮ ಹಿರಿಯರು ಯಾರೂ ಒತ್ತಲೇ ಇಲ್ಲ. ಅವರಿಗೆ ಅದು ಬರೀ ಅಲಂಕಾರ. ಅದನ್ನು ತೆಗೆದು ಸೊಪ್ಪುಗಳ ಹೆಸರನ್ನೇ ದೊಡ್ಡ ಬಟನ್‌ಗಳಾಗಿ ಮುಖಪುಟದಲ್ಲಿ ಇಟ್ಟೆ. ಚಿಕ್ಕಮ್ಮ ಫೋನಿನಲ್ಲಿ ಅಕ್ಷರದ ಗಾತ್ರ ಜಾಸ್ತಿ ಇಟ್ಟುಕೊಂಡಿದ್ದಾರೆ. ಅವರ ಪರದೆಯಲ್ಲಿ ತಲೆಬರಹ ಮೂರು ಸಾಲಾಗಿ ಫೋಟೊ ಮೇಲೆ ಹತ್ತಿ ಕೂತಿತ್ತು. ಅಳತೆಗಳನ್ನು ಪಿಕ್ಸೆಲ್ ಬದಲು ಆರ್‌ಇಎಂ ಲೆಕ್ಕದಲ್ಲಿ, ಅಂದರೆ ಓದುಗರು ಇಟ್ಟುಕೊಂಡ ಅಕ್ಷರದ ಗಾತ್ರಕ್ಕೆ ತಕ್ಕಂತೆ, ಕೊಟ್ಟು, ಎತ್ತರ ಇಷ್ಟೇ ಅಂತ ಕಟ್ಟಿಹಾಕುವುದನ್ನು ಬಿಟ್ಟರೆ ಇದು ಸರಿಹೋಗುತ್ತದೆ.

ಅಡಿಗೆಮನೆಯಲ್ಲಿ ಸಿಕ್ಕ ಪಾಠ ಇನ್ನೂ ದೊಡ್ಡದು. ಒಬ್ಬರು ಪುಟ ನೋಡಿಕೊಂಡೇ ಜೀರಿಗೆ, ಮೆಣಸನ್ನು ತುಪ್ಪದಲ್ಲಿ ಹುರಿಯುತ್ತಿದ್ದರು. ಕೈ ಒದ್ದೆ, ಒಲೆ ಮೇಲೆ ಬಾಣಲೆ. ವಿಧಾನ ಓದುತ್ತಾ ಕೆಳಗೆ ಹೋದ ಮೇಲೆ ಅಳತೆ ನೋಡಲು ಮತ್ತೆ ಮೇಲಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಮೆಣಸು ಸಿಡಿಯಲು ಶುರು. ಈಗ ಪ್ರತಿ ಹೆಜ್ಜೆಯ ಒಳಗೇ ಅಳತೆ ಇದೆ: "ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು ಹುರಿಯಿರಿ." ಮೇಲಿನ ಪಟ್ಟಿಯೂ ಇದೆ, ಅದು ಸಾಮಾನು ಹೊಂದಿಸಿಕೊಳ್ಳಲು. ಮೇಜಿನ ಮುಂದೆ ಕೂತು ಯೋಚಿಸಿದರೆ ಇದು ಹೊಳೆಯುವುದಿಲ್ಲ.

ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಹೊಂದದೇ ಇರುವುದೂ ಉಂಟು. ಶಿರಸಿಯ ಅತ್ತೆಗೆ "ಒಂದು ಮುಷ್ಟಿ ಸೊಪ್ಪು" ಅಂದರೆ ಸಾಕು. ಮೆಲ್ಬರ್ನ್‌ನಲ್ಲಿರುವ ಅಕ್ಕನ ಮಗಳಿಗೆ ಕಪ್ ಲೆಕ್ಕ ಬೇಕು. ಎರಡನ್ನೂ ಬರೆದೆ. ಒಂದೆಲಗ ಅಲ್ಲಿ ಎಲ್ಲಿ ಸಿಗುತ್ತದೆ ಅಂತಲೂ ಅವಳು ಕೇಳಿದಳು. ಶ್ರೀಲಂಕಾದವರ ಅಂಗಡಿಯಲ್ಲಿ ಗೋಟುಕೋಲ ಅಂತ ಮಾರುವುದು ಅದೇ ಸೊಪ್ಪು. ಈಗ ಆ ಸಾಲು ಪುಟದಲ್ಲಿದೆ, ಹೊರದೇಶದಲ್ಲಿರುವ ಬೇರೆಯವರಿಗೂ ಉಪಯೋಗಕ್ಕೆ ಬಂತು. "ಕಥೆ ಬೇಡ, ರೆಸಿಪಿ ಸಾಕು" ಅಂದವರೂ ಇದ್ದಾರೆ, "ನಾನು ಬರುವುದೇ ಅಮ್ಮನ ಮಾತಿಗೆ" ಅಂದವರೂ ಇದ್ದಾರೆ. ಅಡಿಗೆ ಮೇಲೆ, ಮಾತು ಕೆಳಗೆ ಅಂತ ನಾನೇ ತೀರ್ಮಾನ ಮಾಡಿದೆ. ಎಲ್ಲರ ಸಲಹೆ ಕೇಳಬೇಕು, ಆದರೆ ಸೈಟ್ ಯಾರಿಗಾಗಿ ಅನ್ನುವುದು ಮಾಡಿದವರಿಗೆ ಗೊತ್ತಿರಬೇಕು, ಅಲ್ವಾ?

ಬಂದ ಸಲಹೆಗಳನ್ನು ಬರೆದಿಡಲು ಗಿಟ್‌ಹಬ್‌ನ ಇಶ್ಯೂಸ್ ಭಾಗ ಬಹಳ ಅನುಕೂಲ. ಪ್ರತಿ ಸಲಹೆಗೂ ಒಂದು ಸಂಖ್ಯೆ, ಸರಿಮಾಡಿದ ಮೇಲೆ ಮುಚ್ಚುವುದು. ಆದರೆ ಓದುಗರು ಅಲ್ಲಿ ನೇರವಾಗಿ ಬರೆಯಬೇಕಾದರೆ ಗಿಟ್‌ಹಬ್ ಖಾತೆ ಬೇಕು. ಚಿಕ್ಕಮ್ಮನಿಗೆ ಖಾತೆ ತೆರೆಯಿರಿ ಅನ್ನಲಾಗುತ್ತದೆಯೇ? ಅವರು ವಾಟ್ಸಾಪ್‌ನಲ್ಲಿ ಹೇಳಿದ್ದನ್ನು ನಾನೇ ಅಲ್ಲಿಗೆ ಇಳಿಸುತ್ತೇನೆ. ಹೆಸರು ಮಾತ್ರ ಹಾಕುವುದಿಲ್ಲ, ಆ ಪಟ್ಟಿ ಎಲ್ಲರಿಗೂ ಕಾಣುತ್ತದೆ.

ತಿದ್ದಿದ್ದು ಸೈಟಿನಲ್ಲಿ ಕಾಣಲು ಸಾಮಾನ್ಯವಾಗಿ ಒಂದೆರಡು ನಿಮಿಷ ಸಾಕು, ಹತ್ತು ನಿಮಿಷದವರೆಗೂ ಆಗಬಹುದು ಅಂತ ಗಿಟ್‌ಹಬ್‌ನವರೇ ಹೇಳುತ್ತಾರೆ. ಅದರ ಮೇಲೆ, ಒಮ್ಮೆ ನೋಡಿದ ಪುಟವನ್ನು ಓದುಗರ ಬ್ರೌಸರ್ ಹತ್ತು ನಿಮಿಷ ಹಾಗೇ ಇಟ್ಟುಕೊಂಡಿರುತ್ತದೆ. ಹಾಗಾಗಿ "ಸರಿಮಾಡಿದ್ದೇನೆ, ನೋಡಿ" ಅಂತ ತಕ್ಷಣ ಹೇಳಬೇಡಿ. ಅವರಿಗೆ ಹಳೆಯದೇ ಕಂಡು ಇಬ್ಬರಿಗೂ ಗೊಂದಲ. ಒಂದು ಲೋಟ ಕಾಫಿ ಕುಡಿದು ಹೇಳಿ.

ಕ್ರೋಮ್ ಬ್ರೌಸರಿನಲ್ಲಿ ಲೈಟ್‌ಹೌಸ್ ಅಂತ ಒಂದು ಪರೀಕ್ಷೆ ಇದೆ. ವೇಗ, ಅಕ್ಷರದ ಬಣ್ಣ, ಚಿತ್ರಗಳಿಗೆ ವಿವರಣೆ ಇದೆಯೇ ಇಲ್ಲವೇ, ಎಲ್ಲಕ್ಕೂ ಅಂಕ ಕೊಡುತ್ತದೆ. ತಿಳಿಹಸಿರು ಅಕ್ಷರ ಬಿಳಿ ಹಿನ್ನೆಲೆಯಲ್ಲಿ ಕಾಣುವುದಿಲ್ಲ ಅಂತ ಹೇಳಿದ್ದು ಅದೇ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬಣ್ಣದ ಅಂತರ ಇರಬೇಕು ಅನ್ನುವುದು ಒಪ್ಪಿತ ಅಳತೆ. ಬಿಸಿಲಿನಲ್ಲಿ ಫೋನ್ ನೋಡುವವರಿಗೆ ಇದು ನಿಜಕ್ಕೂ ಮುಖ್ಯ. ಆದರೆ ಪೂರ್ತಿ ಅಂಕ ಬಂದ ಪುಟದಲ್ಲೂ ಜನ ದಾರಿ ತಪ್ಪುತ್ತಾರೆ. ಯಂತ್ರ ಹೇಳುವುದೇ ಬೇರೆ, ಮನುಷ್ಯರು ತೋರಿಸುವುದೇ ಬೇರೆ. ಎರಡೂ ಬೇಕು.

ಕನ್ನಡದ ಸೈಟ್ ಮಾಡುವವರಿಗೆ ಕೆಲವು ವಿಷಯ ಹೇಳಲೇಬೇಕು. ಸಿಗುವ ಟೆಂಪ್ಲೇಟುಗಳಲ್ಲಿ, ಅಂದರೆ ಸಿದ್ಧ ವಿನ್ಯಾಸಗಳಲ್ಲಿ, ಹೆಚ್ಚಿನವು ಇಂಗ್ಲಿಷ್ ಅಕ್ಷರ ನೋಡಿ ಮಾಡಿದವು. ಸಾಲುಗಳ ನಡುವೆ ಜಾಗ ಕಡಿಮೆ. ಸೊಪ್ಪು, ಒಗ್ಗರಣೆ ಅನ್ನುವಲ್ಲಿ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲಿನ ಎತ್ತರವನ್ನು 1.7ರ ಹತ್ತಿರ ಇಡಿ. ತಲೆಬರಹದಲ್ಲಿ ಅಕ್ಷರಗಳ ನಡುವೆ ಅಂತರ ಕೊಡುವ ಸಾಲು ಇದ್ದರೆ ಅಳಿಸಿ, ಕನ್ನಡಕ್ಕೆ ಅದು ಚೆಂದ ಕಾಣುವುದಿಲ್ಲ. ಎರಡೂ ಬದಿ ಸಮ ಮಾಡಲು ಹೋಗಬೇಡಿ, ನಮ್ಮ ಪದಗಳು ಉದ್ದ, ಫೋನಿನಲ್ಲಿ ನಡುವೆ ದೊಡ್ಡ ದೊಡ್ಡ ಕಂಡಿ ಬೀಳುತ್ತದೆ. ಪುಟದ ಭಾಷೆ ಕನ್ನಡ ಅಂತ ಮೊದಲ ಸಾಲಿನಲ್ಲೇ ಗುರುತಿಸಿ, ಓದಿ ಹೇಳುವ ತಂತ್ರಾಂಶಗಳಿಗೆ ಸಹಾಯ. ಫಾಂಟ್ ವಿಷಯದಲ್ಲಿ ನನಗೆ ನೋಟೊ ಸಾನ್ಸ್ ಕನ್ನಡ ಸಾಕಾಗಿದೆ. ತಲೆಬರಹಕ್ಕೆ ಬಾಲೂ ತಮ್ಮ ಹಾಕಿದ್ದೇನೆ, ಗುಂಡುಗುಂಡಾಗಿ ಚೆನ್ನಾಗಿದೆ. ಎರಡೂ ಉಚಿತ. ನುಡಿ ತಂತ್ರಾಂಶದಲ್ಲಿ ಹಿಂದೆ ಟೈಪ್ ಮಾಡಿಟ್ಟ ಹಳೆಯ ಫೈಲುಗಳಿದ್ದರೆ ಎಲ್ಲ ಕಡೆ ಒಂದೇ ರೀತಿ ಓದಲಾಗುವ ಯೂನಿಕೋಡ್‌ಗೆ ಬದಲಿಸಿಯೇ ಹಾಕಿ. ಇಲ್ಲದಿದ್ದರೆ ಹುಡುಕಿದಾಗ ಸಿಗುವುದಿಲ್ಲ.

ಫೈಲುಗಳ ಹೆಸರನ್ನು ಮಾತ್ರ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಇಡಿ. ಕನ್ನಡದಲ್ಲಿ ಇಟ್ಟರೆ ಲಿಂಕ್ ಕಾಪಿ ಮಾಡಿದಾಗ ಒಂದೊಂದು ಅಕ್ಷರಚಿಹ್ನೆಯೂ ಒಂಬತ್ತು ಚಿಹ್ನೆಗಳಾಗಿ ಹರಡಬಹುದು. "ಕಾಡು" ಅನ್ನುವ ಪುಟ್ಟ ಪದಕ್ಕೇ 36 ಚಿಹ್ನೆ. ವಾಟ್ಸಾಪ್‌ನಲ್ಲಿ ಅಂಥ ಲಿಂಕ್ ಕಂಡವರು ಮೋಸದ ಲಿಂಕ್ ಅಂತ ಹೆದರುತ್ತಾರೆ. ಇನ್ನೊಂದು, ಗಿಟ್‌ಹಬ್‌ನಲ್ಲಿ ದೊಡ್ಡ ಅಕ್ಷರ ಸಣ್ಣ ಅಕ್ಷರ ಬೇರೆ ಬೇರೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಾಣುವ ಫೋಟೊ ಸೈಟಿನಲ್ಲಿ ಕಾಣದಿದ್ದರೆ ಮೊದಲು ಫೈಲ್ ಹೆಸರು ನೋಡಿ.

ಮಿತಿಗಳೂ ಇವೆ. ಸೈಟಿನ ಗಾತ್ರ 1 ಜಿಬಿ ಮೀರಬಾರದು, ತಿಂಗಳಿಗೆ 100 ಜಿಬಿ ಡೇಟಾ ಅನ್ನುವುದು ಸಡಿಲ ಮಿತಿ. ಬ್ರೌಸರಿನಿಂದ ಹಾಕುವ ಒಂದು ಫೈಲ್ 25 ಎಂಬಿ ಒಳಗಿರಬೇಕು. ನಮ್ಮಂಥವರಿಗೆ ಇದು ಧಾರಾಳ. ಆದರೂ ಫೋಟೊಗಳನ್ನು ಫೋನಿನಿಂದ ತೆಗೆದ ಹಾಗೇ ಹಾಕಬೇಡಿ. ಸ್ಕ್ವೂಶ್ ಅನ್ನುವ ಉಚಿತ ಸಾಧನದಲ್ಲಿ ಅಗಲವನ್ನು 1200 ಪಿಕ್ಸೆಲಿಗೆ ಇಳಿಸಿ, ಚಿತ್ರ ಹಗುರಾಗುವ ಮಾದರಿಯಾದ ವೆಬ್‌ಪಿ ಮಾಡಿದರೆ ನಾಲ್ಕು ಎಂಬಿಯ ಚಿತ್ರವೂ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ. ನೆಟ್‌ವರ್ಕ್ ಒಂದೇ ಕಡ್ಡಿ ಇರುವ ಊರುಗಳಲ್ಲಿ ಪುಟ ತೆರೆಯುವುದು ಇದರಿಂದಲೇ.

ಪಿಎಚ್‌ಪಿ, ಡೇಟಾಬೇಸ್ ಹೀಗೆ ಸರ್ವರಿನಲ್ಲಿ ಓಡಬೇಕಾದ ಯಾವುದೂ ಇಲ್ಲಿ ನಡೆಯುವುದಿಲ್ಲ. ಕಾಮೆಂಟ್ ಪೆಟ್ಟಿಗೆ ಇಲ್ಲ, ಫಾರ್ಮ್ ಇಲ್ಲ. ಅಭಿಪ್ರಾಯ ಬರೆಯಲು ನಾನು ಗೂಗಲ್ ಫಾರ್ಮ್‌ನ ಲಿಂಕ್ ಕೊಟ್ಟಿದ್ದೇನೆ. "ಈ ಪುಟದಲ್ಲಿ ಏನು ಸಿಗಲಿಲ್ಲ?" ಅಂತ ಒಂದೇ ಪ್ರಶ್ನೆ. ಪ್ರಶ್ನೆ ಒಂದೇ ಇದ್ದರೆ ಜನ ಉತ್ತರಿಸುತ್ತಾರೆ. ಅಂಗಡಿ ವ್ಯಾಪಾರಕ್ಕೆ ಈ ಸೇವೆ ಅಲ್ಲ ಅಂತ ನಿಯಮದಲ್ಲೇ ಇದೆ. ಉಪ್ಪಿನಕಾಯಿ, ಅಪ್ಪೆಮಿಡಿ ಮಾರುವ ಯೋಚನೆ ಇದ್ದವರು ಬೇರೆ ಕಡೆ ನೋಡಬೇಕು. ಗಿಟ್‌ಹಬ್‌ನ ಪರದೆಯೆಲ್ಲ ಇಂಗ್ಲಿಷ್‌ನಲ್ಲಿದೆ, ಕಮಿಟ್, ಬ್ರಾಂಚ್, ಪುಲ್ ರಿಕ್ವೆಸ್ಟ್ ಅನ್ನುವ ಮಾತುಗಳು ಶುರುವಿನಲ್ಲಿ ಕಂಗಾಲು ಮಾಡುತ್ತವೆ. ಇದರ ಬಗ್ಗೆ ನನಗೆ ನಿಜವಾಗಿ ಬೇಸರವಿದೆ. ಇಂಗ್ಲಿಷ್ ಕಷ್ಟ ಅನ್ನುವವರಿಗೆ ಬ್ಲಾಗರ್ ಅಥವಾ ವರ್ಡ್‌ಪ್ರೆಸ್ ಸುಲಭ.

ಬಹಳ ಗಂಭೀರವಾದದ್ದು ಒಂದಿದೆ. ಉಚಿತ ಖಾತೆಯಲ್ಲಿ ಪೇಜಸ್ ಬಳಸಬೇಕಾದರೆ ರೆಪೊಸಿಟರಿ ಎಲ್ಲರಿಗೂ ತೆರೆದಿರಬೇಕು. ಅಳಿಸಿದ್ದೂ ಹಿಂದಿನ ಕಮಿಟ್‌ಗಳಲ್ಲಿ ಉಳಿದಿರುತ್ತದೆ. ತಿದ್ದಲು ಧೈರ್ಯ ಕೊಡುವ ಗುಣವೇ ಇಲ್ಲಿ ಅಪಾಯವೂ ಹೌದು. ಮನೆಯ ವಿಳಾಸ, ಫೋನ್ ನಂಬರ್, ಮಕ್ಕಳ ಫೋಟೊ, ಪಾಸ್‌ವರ್ಡ್ ಯಾವುದನ್ನೂ ಕರಡಿನಲ್ಲೂ ಹಾಕಬೇಡಿ.

ಸ್ವಂತ ಹೆಸರಿನ ಡೊಮೈನ್, ಅಂದರೆ ವೆಬ್ ವಿಳಾಸ, ಬೇಕಾದರೆ ಅದಕ್ಕಷ್ಟೇ ದುಡ್ಡು. ಕೊಳ್ಳುವಾಗ ಮೊದಲ ವರ್ಷದ ಬೆಲೆ ನೋಡಬೇಡಿ, ನವೀಕರಣದ ಬೆಲೆ ನೋಡಿ. ಹೆಸರು ಹೇಳಲಾರೆ, ಒಂದು ಕಡೆ ಎರಡನೇ ವರ್ಷ ಕೇಳಿದ್ದು ಮೊದಲಿನ ಹಲವು ಪಟ್ಟು. ಡೊಮೈನ್ ಜೋಡಿಸಿದ ಮೇಲೆ ಸಂಪರ್ಕವನ್ನು ಸುರಕ್ಷಿತವಾಗಿಡುವ ಎಚ್‌ಟಿಟಿಪಿಎಸ್ ಬೀಗವನ್ನು ಗಿಟ್‌ಹಬ್ಬೇ ಉಚಿತವಾಗಿ ಹಾಕಿಕೊಡುತ್ತದೆ. ಡೊಮೈನ್ ಬದಲಾವಣೆ ಎಲ್ಲೆಡೆ ತಲುಪಲು ಒಂದು ದಿನ ಹಿಡಿಯಬಹುದು, ಗಾಬರಿ ಬೇಡ. ಮುಂದೆಂದೋ ಈ ಸೇವೆ ಬೇಡ ಅನಿಸಿದರೆ ಸೈಟಿನ ಫೋಲ್ಡರನ್ನು ಹಾಗೇ ಎತ್ತಿಕೊಂಡು ಇಂಥದೇ ಸೇವೆಗಳಾದ ಕ್ಲೌಡ್‌ಫ್ಲೇರ್ ಪೇಜಸ್‌ಗೋ ನೆಟ್ಲಿಫೈಗೋ ಹಾಕಬಹುದು. ಡೊಮೈನ್ ನಿಮ್ಮದೇ ಆಗಿದ್ದರೆ ಓದುಗರಿಗೆ ವಿಳಾಸವೂ ಬದಲಾಗುವುದಿಲ್ಲ.